ಅತ್ತೆ ಬೈಗುಳ ಬಿಟ್ಟ ತಪಸ್ಸುಕಾಲ

ನಮ್ಮ ಅತ್ತೆ ಬೈಯುವುದನ್ನು ಬಿಟ್ಟ ಆ ತಪಸ್ಸುಕಾಲದಲ್ಲಿ ನಮ್ಮ ಬೀದಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಚಿನ್ನದ ಗಣಿ ಮುಚ್ಚಿದಾಗಲೂ ಇಷ್ಟು ಕಷ್ಟ ಬಂದಿರಲಿಲ್ಲ ಎಂದು ನಮ್ಮ ಊರಿಗಾಮಿನ ಹಳಬರೊಬ್ಬರು ಹೇಳಿದ್ದರು. ಅದು ಸ್ವಲ್ಪ ಅತಿಯಾಯಿತು. ಆದರೆ ಪೂರ್ತಿ ಸುಳ್ಳೂ ಅಲ್ಲ.

ಈಸ್ಟರ್‌ಗೆ ಮುಂಚಿನ ಆ ಉಪವಾಸದ ದಿನಗಳಲ್ಲಿ ಕ್ರೈಸ್ತರು ಏನಾದರೊಂದನ್ನು ಬಿಡುವುದು ವಾಡಿಕೆ. ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಟೀವಿ. ನನ್ನ ಗಂಡ ಪ್ರತಿವರ್ಷ ಸಿಗರೇಟು ಬಿಡುತ್ತಾನೆ, ಭಾನುವಾರ ಒಂದು ಬಿಟ್ಟು. ಆಮೇಲಾಮೇಲೆ ಶನಿವಾರವೂ ಬಿಟ್ಟು. ಅತ್ತೆಯ ಹತ್ತಿರ ಬಿಡಲು ಇದ್ದದ್ದು ಒಂದೇ ಆಸ್ತಿ, ಅವರ ಬಾಯಿ. ಅವರ ಬೈಗುಳ ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಬಿಸಿಯೇರಿ, ತಮಿಳಿನಲ್ಲಿ ಮುಗಿಯುತ್ತಿತ್ತು. ಬಂಗಾರಪೇಟೆಯಿಂದ ಸೊಸೆಯಾಗಿ ಬಂದ ನನಗೆ ಮೂರೂ ಭಾಷೆ ಚೆನ್ನಾಗಿ ಬಂದದ್ದು ಹಾಗೆಯೇ.

ಬಿಡಿಸಿದವರು ಫಾದರ್. ಮಂಗಳೂರು ಕಡೆಯ ಚಿಕ್ಕ ವಯಸ್ಸಿನವರು, ಪುಸ್ತಕದ ಕನ್ನಡ. ಪವಿತ್ರ ಗುರುವಾರದ ಸಂಜೆ, ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ, ಚರ್ಚಿನಲ್ಲಿ ಹನ್ನೆರಡು ಜನರನ್ನು ಕುರ್ಚಿಯ ಮೇಲೆ ಕೂರಿಸಿ ಫಾದರ್ ಅವರ ಕಾಲು ತೊಳೆಯುತ್ತಾರೆ. ಮೊದಲು ಗಂಡಸರಿಗಷ್ಟೇ ಇದ್ದ ಭಾಗ್ಯ ಈಗ ಹೆಂಗಸರಿಗೂ ಬಂದಿದೆ. ಅತ್ತೆಗೆ ಆ ಕುರ್ಚಿಯ ಮೇಲೆ ಕಣ್ಣು.

"ಇಷ್ಟ್ ವಯಸ್ಸಾತು, ನನ್ ಕಾಲಿಗೆ ಒಂದ್ ಚೆಂಬು ನೀರು ಉಯ್ದೋರಿಲ್ಲ. ಅಲ್ಲಾದ್ರೂ ಉಯ್ಯಲಿ," ಎಂದು ನನ್ನ ಮುಖ ನೋಡಿಯೇ ಹೇಳಿದರು. ನಾನು ಕೇಳಿಸದವಳಂತೆ ಸೊಪ್ಪು ಬಿಡಿಸಿದೆ.

ಫಾದರ್ ಹತ್ತಿರ ಹೋಗಿ ಕೇಳಿಯೇ ಬಿಟ್ಟರು. ಅವರು ನಕ್ಕು, "ಅಮ್ಮಾ, ಒಳ್ಳೆಯತನವು ನಮ್ಮಲ್ಲಿ ದಿನದಿನವೂ ಬೆಳೆಯಬೇಕು. ಆ ಗುರುವಾರದವರೆಗೆ ತಾವು ಒಂದೂ ಕೆಟ್ಟ ಮಾತಾಡದಿದ್ದರೆ ಒಂದು ಕುರ್ಚಿ ತಮ್ಮದು," ಎಂದರು. ಅಲ್ಲಿಂದ ಶುರುವಾಯಿತು ಒಳ್ಳೆಯತನದ ಬೆಳವಣಿಗೆ.

ಮೊದಲ ವಾರ ಮನೆಯಲ್ಲಿ ಪೀಡೆ ಕಳೆದಂತಾಗಿ ನಾನು ಹಾಯಾಗಿದ್ದೆ. ಕೆಟ್ಟದ್ದು ಬೀದಿಯ ನಲ್ಲಿಯ ಹತ್ತಿರ.

ಗಣಿಯವರು ಸಾಲಾಗಿ ಕಟ್ಟಿಸಿದ ನಮ್ಮ ಲೈನು ಮನೆಗಳಿಗೆಲ್ಲ ಇರುವುದು ಒಂದೇ ನಲ್ಲಿ. ನೀರು ಯಾವ ದಿನ, ಯಾವ ಹೊತ್ತಿಗೆ ಬರುತ್ತದೋ ಬಿಡುವವನಿಗೇ ಗೊತ್ತಿರುವುದಿಲ್ಲ. ಅದಕ್ಕೇ ಜನರ ಬದಲು ಬಿಂದಿಗೆಗಳು ಸಾಲು ನಿಲ್ಲುತ್ತವೆ. ಕೆಲಸಕ್ಕೆ ಹೋಗುವವರು ಬಿಂದಿಗೆ ಇಟ್ಟು ಹೋಗುತ್ತಾರೆ. ಸರದಿ ಬಂದಾಗ ಅಲ್ಲಿದ್ದವರು ತುಂಬಿ ಪಕ್ಕಕ್ಕಿಡಬೇಕು. ಈ ಧರ್ಮವನ್ನು ಇಷ್ಟು ವರ್ಷ ಕಾದದ್ದು ಯಾರ ಒಳ್ಳೆಯತನವೂ ಅಲ್ಲ, ಅತ್ತೆಯ ಬಾಯಿ. ಅವರು ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದರೆ ಒಡೆಯರಿಲ್ಲದ ಬಿಂದಿಗೆಯನ್ನು ನಾಯಿಯೂ ಮೂಸುತ್ತಿರಲಿಲ್ಲ.

ಆ ಬಾಯಿ ಮುಚ್ಚಿದ್ದೇ ತಡ, ಮೂಲೆಮನೆಯ ಮಹಾಶಯರು ಪೈಪು, ನೀಲಿ ಡ್ರಮ್ಮು ಸಮೇತ ಪ್ರತ್ಯಕ್ಷರಾದರು. ಭಾನುವಾರ ಚರ್ಚಿನಲ್ಲಿ ಕಾಣಿಕೆ ಚೀಲ ಹಿಡಿಯುವವರು ಅವರೇ. ಇದ್ದ ಬಿಂದಿಗೆಗಳನ್ನು ಕಾಲಿನಿಂದ ಸರಿಸಿ ನಲ್ಲಿಗೆ ಪೈಪು ಸಿಕ್ಕಿಸುತ್ತಿದ್ದರು. ಅತ್ತೆ ಬಾಯಿ ತೆರೆಯುವುದು, ಮುಚ್ಚುವುದು, ಶಿಲುಬೆ ಗುರುತು ಹಾಕಿಕೊಳ್ಳುವುದು. ಕೊನೆಗೆ ಹಲ್ಲು ಕಚ್ಚಿ, "ದೇವ್ರು ನಿಂಗ್ ಒಳ್ಳೇದ್ ಮಾಡ್ಲಿ" ಎನ್ನುತ್ತಿದ್ದರು.

"ಆಮೆನ್," ಎನ್ನುತ್ತಿದ್ದರು ಮಹಾಶಯರು.

ಹೆಚ್ಚು ಪೆಟ್ಟು ಬಿದ್ದದ್ದು ಪಕ್ಕದ ಮನೆಯವಳಿಗೆ. ಬೆಳಗಿನ ರೈಲಿಗೆ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುವವಳು. ಮನೆಯಲ್ಲಿ ಹಾಸಿಗೆ ಹಿಡಿದ ಮಾವ, ಎಲ್ಲ ಮಲಗಿದಲ್ಲೇ. ಮುದುಕನನ್ನು ತೊಳೆಯಲು ನೀರು ಬೇಕೇಬೇಕು. ಸಂಜೆ ಬಂದು ನೋಡಿದರೆ ಅವಳ ಬಿಂದಿಗೆ ಸಾಲಿನ ಕೊನೆಯಲ್ಲಿ ಖಾಲಿ ಉರುಳಿರುತ್ತಿತ್ತು. ಒಂದು ದಿನ ಅತ್ತೆಯ ಮುಂದೆ ಕೈಮುಗಿದು ನಿಂತಳು.

"ಅಮ್ಮಾ, ಒಂದೇ ಒಂದ್ ಕಿತ ಬೈದ್‌ಬುಡಿ. ನಿಮ್ ಯೇಸಪ್ಪಂಗೆ ನಾನೇ ಕ್ಯಾಂಡ್ಲು ಅಚ್ತೀನಿ."

"ಆ ಗುರುವಾರ ಒಂದ್ ಕಳೀಲಮ್ಮ," ಎಂದು ಅತ್ತೆ ಒಳಗೆ ಹೋದರು.

ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಬಂಗಾರದಿಂದ ಹೊಟ್ಟೆ ತುಂಬಿದ ಕಥೆಯನ್ನು ನಮ್ಮೂರಿನವರಿಗೆ ಹೇಳಬೇಡಿ. ನಮ್ಮ ಮನೆಯ ಒಂದು ಬಿಂದಿಗೆ ನೀರನ್ನು ಅವಳಿಗೆ ಕೊಟ್ಟೆ, ಅಷ್ಟೇ ಕೊಡಲಾದದ್ದು. ಅತ್ತೆಯ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಗುರುವಾರ ಬಂತು. ಅತ್ತೆ ಹಿಮ್ಮಡಿಯನ್ನು ಕಲ್ಲಿನಿಂದ ಉಜ್ಜಿ ಉಜ್ಜಿ ಕೆಂಪಗೆ ಮಾಡಿಕೊಂಡು, ಮದುವೆಯ ರೇಷ್ಮೆ ಸೀರೆ ಉಟ್ಟು ಹೊರಟರು. ನಾನೂ ಜೊತೆಗಿದ್ದೆ. ಎಷ್ಟೋ ದಿನದ ಮೇಲೆ ಅವತ್ತೇ ನೀರು ಬಂದಿತ್ತು. ಮಾವನಿಗೆ ಜ್ವರವೆಂದು ರಜೆ ಹಾಕಿದ್ದ ಪಕ್ಕದ ಮನೆಯವಳು ಸಾಲಿನ ಮುಂದೆಯೇ ಇದ್ದಳು. ಕಾಲು ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ಒಬ್ಬರಾದ ಮೂಲೆಮನೆಯವರು ಬಿಳಿ ಅಂಗಿ ತೊಟ್ಟು, ಚರ್ಚಿಗೆ ಮುಂಚೆ ಡ್ರಮ್ಮು ತುಂಬಿಸಿಕೊಂಡು ಹೋಗೋಣವೆಂದು ಬಂದಿದ್ದರು. ಅವಳ ಪ್ಲಾಸ್ಟಿಕ್ ಬಿಂದಿಗೆಯನ್ನು ಒದ್ದರು. ಅದು ಕಲ್ಲಿಗೆ ಬಡಿದು ಸೀಳಿತು. ಅವಳು ಸೀಳಿದ ಬಿಂದಿಗೆಯನ್ನು ಎತ್ತಿಕೊಂಡು ನಿಂತಳು.

ಅತ್ತೆ ನಿಂತುಬಿಟ್ಟರು. ನಾನು ಮೊಣಕೈ ಹಿಡಿದೆ. ಅಷ್ಟು ದಿನ ಉರಿದುಕೊಂಡವಳು ನಾನೇ, ಆದರೂ ಅವರು ಉಜ್ಜಿಕೊಂಡ ಆ ಕಾಲು ನೋಡಿ ತಡೆಯಲಾಗಲಿಲ್ಲ. "ಅತ್ತೆ, ಇನ್ನೊಂದು ಗಂಟೆ. ಕುರ್ಚಿ," ಎಂದೆ.

"ಕುರ್ಚಿ ಮನೆ ಆಳಾಗೋಗ್ಲಿ."

ರೇಷ್ಮೆ ಸೀರೆ ಮೇಲೆತ್ತಿ ಕೆಸರಿಗಿಳಿದರು. "ಎಲಾ ನಿನ್ ಮಕಕ್ ಮಣ್ಣಾಕ, ನಿನ್ ಡ್ರಮ್ಮಿಗ್ ತೂತ್ ಬೀಳ," ಎಂದು ಕನ್ನಡದಲ್ಲಿ ಶುರುವಾಯಿತು. ತೆಲುಗು, ತಮಿಳಿನದನ್ನು ಇಲ್ಲಿ ಬರೆಯಲಾರೆ. ತಪಸ್ಸುಕಾಲವಿಡೀ ಕೂಡಿಟ್ಟದ್ದು ಬಡ್ಡಿ ಸಮೇತ ಬಂತು. ಪೈಪು ಕಿತ್ತು ಬಿಸಾಡಿದರು. ಮಹಾಶಯರು ಒದ್ದೆ ಅಂಗಿಯಲ್ಲಿ ಮನೆಗೆ ಓಡಿದರು. ಪಕ್ಕದ ಮನೆಯವಳ ಪಾತ್ರೆ, ಬಕೀಟು, ಕುಕ್ಕರು ಕೂಡ ತುಂಬುವವರೆಗೆ ಅತ್ತೆ ಕೆಸರಿನಿಂದ ಮೇಲೆ ಬರಲಿಲ್ಲ.

ಚರ್ಚಿಗೆ ನಾವು ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಫಾದರ್ ಅತ್ತೆಯತ್ತ ಬಂದರು. ಅವರು ಏನೋ ಹೇಳುವ ಮೊದಲೇ ಅತ್ತೆ, "ಬೈದೆ ಫಾದರ್," ಎಂದು ಹೇಳಿ ಕೊನೆಯ ಬೆಂಚಿಗೆ ಹೋಗಿ ಕೂತರು. ಮುಂದೆ ಮೂಲೆಮನೆಯವರು, ಬೇರೆ ಅಂಗಿ ತೊಟ್ಟು, ಕಾಲು ಚಾಚಿದರು. ಆ ಕಾಲು ಮೊದಲೇ ಫಳಫಳ ಅನ್ನುತ್ತಿತ್ತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.

ಮನೆಗೆ ಬಂದರೆ ಪಕ್ಕದ ಮನೆಯವಳು ನಮ್ಮ ಮೆಟ್ಟಿಲ ಮೇಲೆ ಚೆಂಬು ಹಿಡಿದು ಕೂತಿದ್ದಳು. ಅತ್ತೆಯ ಕಾಲಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅವಳು ಹೇಳದೆ ಕೇಳದೆ ಬಗ್ಗಿ ನೀರು ಹೊಯ್ದು ಕೈಯಿಂದ ಉಜ್ಜತೊಡಗಿದಳು.

"ಏ ಮುಂಡೇದೆ, ತಲೆಗಿಲೆ ಕೆಟ್ಟೈತಾ ನಿಂಗೆ," ಎಂದು ಅತ್ತೆ ಶುರುಮಾಡಿದರು. "ಅಷ್ಟ್ ಕಷ್ಟ ಬಿದ್ದು ತುಂಬ್ಕೊಟ್ಟಿರೋ ನೀರು, ಇಂಗೆ ಮಣ್ಣುಪಾಲ್ ಮಾಡ್ತೀಯಾ. ನಿಮ್ ಮಾವಂಗ್ ಇಟ್ಕೊಳ್ಳೇ."

ಬೈಯುತ್ತಲೇ ಇನ್ನೊಂದು ಕಾಲನ್ನೂ ಮುಂದಿಟ್ಟರು.