ಹುಣಸೆಹಣ್ಣಿನಲ್ಲಿ ಬೆಳಗಿದ ತೋಟಾಗಳು

ನಾನು ಚಿಕ್ಕವಳಿದ್ದಾಗ ಒಂದು ವಿಜಯದಶಮಿಯ ಬೆಳಿಗ್ಗೆ, ಆರರಿಂದ ಏಳು ಗಂಟೆಯೊಳಗೆ, ಅಪ್ಪ ತಾವೇ ತಯಾರಿಸಿದ್ದ ಇಪ್ಪತ್ತು ತೋಟಾಗಳನ್ನು ಒಂದೊಂದಾಗಿ ಬಿಚ್ಚಿಹಾಕಿದರು. ಅವುಗಳಲ್ಲಿ ಹತ್ತು ನನ್ನವು. ಒಂಬತ್ತು ಗಂಟೆಗೆ ಮಕ್ಕಳ ಗುರಿ ಸ್ಪರ್ಧೆಯಲ್ಲಿ ನಾನು ಅವನ್ನೇ ಹೊಡೆಯಬೇಕಿತ್ತು. ನನಗೆ ಆಗ ಹನ್ನೆರಡು ವರ್ಷ.

ಈಗ ನಾನಿರುವುದು ಸಿಂಗಪುರದ ಆಂಗ್ ಮೋ ಕಿಯೋದಲ್ಲಿ, ಮಗಳ ಮನೆಯಲ್ಲಿ, ಒಂಬತ್ತನೆಯ ಮಹಡಿ. ಇಲ್ಲಿನ ಮಕ್ಕಳಿಗೆ ತೋಟಾ ಎಂದರೇನೆಂದು ಮೊದಲು ಹೇಳಬೇಕು. ಅದು ಬೆರಳುದ್ದದ ಹಿತ್ತಾಳೆ ಕೊಳವೆ. ತಳದಲ್ಲಿ ಕಡಲೆಬೇಳೆಯಷ್ಟು ಅಗಲದ ಕೇಪು, ಒಳಗೆ ಮದ್ದು, ಬಾಯಿಗೆ ಗುಂಡು. ರೈಫಲ್ಲಿನ ಕುದುರೆ ಎಳೆದರೆ ಕೇಪು ಕಿಡಿ ಹಾರಿಸುತ್ತದೆ, ಮದ್ದು ಉರಿಯುತ್ತದೆ, ಗುಂಡು ಹೊರಗೆ ಹಾರುತ್ತದೆ. ಕೊಳವೆ ಮಾತ್ರ ಉಳಿಯುತ್ತದೆ. ತಿಳಿದವರು ಅದನ್ನು ಮತ್ತೆ ತುಂಬಬಹುದು. ನಮ್ಮ ಅಪ್ಪನಿಗೆ ತಿಳಿದಿತ್ತು. ಅವರ ಲೈಸೆನ್ಸು ಚೌಕಟ್ಟು ಹಾಕಿಸಿಕೊಂಡು ನಡುಮನೆಯ ಗೋಡೆಯ ಮೇಲೆ, ದೇವರ ಪಟಗಳ ಸಾಲಿನಲ್ಲೇ ಇತ್ತು.

ನಮ್ಮೂರು ಕೋಲಾರದ ಚಿನ್ನದ ಗಣಿ. ಬಂಡೆ ಅರೆದು ಚಿನ್ನ ತೆಗೆದ ಮೇಲೆ ಉಳಿದ ಬೂದು ಮಣ್ಣನ್ನು ಊರ ಸುತ್ತ ಸುರಿದು ಸುರಿದು ಗುಡ್ಡಗಳೇ ಆಗಿದ್ದವು. ಜನ ಅವನ್ನು ಸೈನೈಡ್ ಗುಡ್ಡ ಎನ್ನುತ್ತಿದ್ದರು. ಗಾಳಿ ಬೀಸಿದರೆ ಆ ಮಣ್ಣು ಹಲ್ಲಿನ ನಡುವೆ ಕರಕರ ಎನ್ನುತ್ತಿತ್ತು. ಅಂಥ ಒಂದು ಗುಡ್ಡದ ಬುಡದಲ್ಲಿ ರೈಫಲ್ ಕ್ಲಬ್ಬಿನವರು ಗುರಿಹಲಗೆಗಳನ್ನು ನಿಲ್ಲಿಸಿದ್ದರು. ಗುಂಡು ಹಲಗೆಯನ್ನು ತೂರಿ ಹೋಗಿ ಮಣ್ಣಿನಲ್ಲಿ ಹೂತುಹೋಗುತ್ತಿತ್ತು.

ಅಪ್ಪನಿಗೆ ಗಣಿಯ ಪರೀಕ್ಷಾ ಕೋಣೆಯಲ್ಲಿ ಚಿನ್ನದ ತೂಕ ನೋಡುವ ಕೆಲಸ. ಮನೆಯಲ್ಲೂ ಗಾಜಿನ ಪೆಟ್ಟಿಗೆಯೊಳಗೆ ಒಂದು ಪುಟ್ಟ ತಕ್ಕಡಿ ಇಟ್ಟುಕೊಂಡಿದ್ದರು. ಅದರ ತಟ್ಟೆ ಎಷ್ಟು ಹಗುರವೆಂದರೆ ಹತ್ತಿರ ಯಾರಾದರೂ ಉಸಿರು ಬಿಟ್ಟರೂ ಅಲುಗುತ್ತಿತ್ತು. ಅವರು ತೋಟಾ ತುಂಬುವ ದಿನ ಒಲೆ ಆರಿರಬೇಕು, ದೇವರ ಮುಂದೆ ಊದಿನಕಡ್ಡಿ ಇರಬಾರದು, ಮಕ್ಕಳು ಆ ಕೋಣೆಗೆ ಹೋಗಬಾರದು. ಬಾಗಿಲ ಸಂದಿಯಿಂದ ಎಣ್ಣೆಯ ವಾಸನೆ ಮಾತ್ರ ಹೊರಗೆ ಬರುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ನಾನು ಮೊದಲ ಬಾರಿಗೆ ಅಪ್ಪನ ರೈಫಲ್ ಹಿಡಿದೆ. ಅದರ ಒದೆತಕ್ಕೆ ನನ್ನ ಭುಜ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಅಂದಿನಿಂದ ಕುದುರೆ ಎಳೆಯುವ ಮುಂಚೆಯೇ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕ್ಲಬ್ಬಿನಲ್ಲಿ ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಒಬ್ಬ ಸುಬೇದಾರರು. ಅವರು ಎಲ್ಲರ ಎದುರಿಗೇ ಹೇಳಿದರು: "ಕಣ್ಣು ಮುಚ್ಚಿಕೊಂಡು ಹೊಡೆಯೋಕೆ ಇದೇನು ಕಣ್ಣಾಮುಚ್ಚಾಲೆನಾ? ವಿಜಯದಶಮಿ ದಿನ ನೋಡ್ತೀನಿ. ಆವತ್ತೂ ಮುಚ್ಚಿದರೆ ಮನೇಲಿ ರಂಗೋಲಿ ಹಾಕ್ಕೊಂಡಿರಮ್ಮ, ಇಲ್ಲಿಗೆ ಬರಬೇಡ."

ಅಪ್ಪ ನನಗಾಗಿ ಬೇರೆ ತೋಟಾ ಮಾಡತೊಡಗಿದರು. ಮದ್ದು ಕಡಿಮೆಯಾದರೆ ಒದೆತವೂ ಕಡಿಮೆ. ಎಷ್ಟು ಕಡಿಮೆ ಮಾಡಬಹುದು, ಎಷ್ಟಕ್ಕಿಂತ ಕಡಿಮೆ ಮಾಡಬಾರದು ಎಂಬುದೆಲ್ಲ ಅವರ ಪುಸ್ತಕದಲ್ಲಿತ್ತು. ಹೊರಗಿನಿಂದ ನೋಡಿದರೆ ನನ್ನ ತೋಟಾಗಳೂ ಅವರವೂ ಒಂದೇ ಥರ. ಅದಕ್ಕೆ ನನ್ನವುಗಳ ತಳಕ್ಕೆ ಒಂದು ಕೆಂಪು ಬಣ್ಣದ ಚುಕ್ಕೆ ಇಡುತ್ತಿದ್ದರು. ಆದರೂ ನನ್ನ ಕಣ್ಣು ಮುಚ್ಚಿಕೊಳ್ಳುವುದು ನಿಲ್ಲಲಿಲ್ಲ. ನನ್ನ ಭುಜ ಆ ಕೆಂಪು ಚುಕ್ಕೆಯನ್ನು ನಂಬಲಿಲ್ಲ.

ಸ್ಪರ್ಧೆಗೆಂದು ಅಪ್ಪ ಇಪ್ಪತ್ತು ತೋಟಾ ತುಂಬಿದರು. ಹತ್ತು ನನಗೆ, ಹತ್ತು ಹಿರಿಯರ ಸ್ಪರ್ಧೆಗೆ ಹೆಸರು ಕೊಟ್ಟಿದ್ದ ಅವರಿಗೆ. ಆಯುಧಪೂಜೆಯ ದಿನ ಅವರು ಗಣಿಯ ಪೂಜೆಗೆ ಬೆಳಿಗ್ಗೆಯೇ ಹೊರಟುಹೋದರು. ಮನೆಯ ಪೂಜೆಯನ್ನು ಅಕ್ಕನಿಗೆ ಒಪ್ಪಿಸಿದ್ದರು. ಅಕ್ಕ ಅಂಗಳದಲ್ಲಿ ಕೂತು ದೀಪದ ಕಂಬ, ತಂಬಿಗೆ, ಗಂಟೆ ಎಲ್ಲವನ್ನೂ ಬೆಳಗಿದಳು. ಸಂಜೆ ಅಪ್ಪ ಬಂದಾಗ ರೈಫಲ್ಲಿಗೆ ಹಾರ ಬಿದ್ದಿತ್ತು. ಪಕ್ಕದ ತಟ್ಟೆಯಲ್ಲಿ ಸೇವಂತಿಗೆಯ ರಾಶಿಯ ಕೆಳಗೆ ತೋಟಾಗಳಿದ್ದವು. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ಅಪ್ಪ ಕೈ ಮುಗಿದು ಮಲಗಿದರು.

ಬೆಳಿಗ್ಗೆ ಅವರು ಹೂವು ಸರಿಸಿದರು. ಇಪ್ಪತ್ತು ತೋಟಾಗಳೂ ಒಂದೇ ಸುತ್ತಿನಲ್ಲಿ ನಿಂತಿದ್ದವು. ಒಂದೊಂದಕ್ಕೂ ಕುಂಕುಮ ಇಟ್ಟಿತ್ತು. ಎಲ್ಲವೂ ದೇವರ ದೀಪದ ಹಾಗೆ ಹೊಳೆಯುತ್ತಿದ್ದವು. ಅಪ್ಪ ಒಂದನ್ನು ಎತ್ತಿ ತಳ ನೋಡಿದರು, ಇನ್ನೊಂದನ್ನು ನೋಡಿದರು. ಅಕ್ಕನನ್ನು ಕರೆದರು.

"ಇವನ್ನೂ ಬೆಳಗಿದೆಯೇನಮ್ಮ?"

"ಹೂಂ ಅಪ್ಪ, ಹುಣಸೆಹಣ್ಣು ಹಾಕಿ. ಎಷ್ಟು ಮಂಕಾಗಿದ್ದವು ಗೊತ್ತಾ?"

"ತಳಾನೂ ಉಜ್ಜಿದೆಯಾ?"

"ತಳಾನೇ ಜಾಸ್ತಿ ಉಜ್ಜಿದ್ದು. ಕೆಲವಕ್ಕೆ ಅದೇನೋ ಕೆಂಪು ಬಣ್ಣ ಮೆತ್ತಿಕೊಂಡಿತ್ತು, ಹೋಗ್ತಾನೇ ಇರಲಿಲ್ಲ. ದೀಪದಿಂದ ದೂರ ಇಟ್ಟಿದ್ದೀನಿ ಅಪ್ಪ, ಊದಿನಕಡ್ಡೀನೂ ಹಚ್ಚಿಲ್ಲ."

ಅಪ್ಪ ಕೈಯಲ್ಲಿದ್ದ ತೋಟಾವನ್ನು ತಟ್ಟೆಗೆ ಇಟ್ಟರು. ಆಮೇಲೆ, "ಬೆಳಗಿರೋದು ಚೆನ್ನಾಗೇ ಬೆಳಗಿದ್ದೀಯ. ಆ ಕೆಂಪು ನಿನ್ನ ತಂಗಿ ತೋಟಾಗಳ ಗುರುತು ಕಣಮ್ಮ. ಇನ್ನು ಮೇಲೆ ಇವನ್ನು ಹಾಗೆ ಉಜ್ಜಬೇಡ, ಸಿಡಿದರೆ ಕೈ ಹೋಗುತ್ತೆ" ಎಂದರು. ಅಕ್ಕನಿಗೆ ಆಗ ಅರ್ಥವಾಯಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನಾನು ಒಂದು ಉಪಾಯ ಹೇಳಿದೆ. ನನ್ನ ತೋಟಾಗಳಲ್ಲಿ ಮದ್ದು ಕಡಿಮೆ, ಒಳಗೆ ಜಾಗ ಉಳಿದಿರುತ್ತದೆ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಸಿವೆ ಡಬ್ಬಿಯ ಹಾಗೆ ಸದ್ದು ಬರುತ್ತದೆ. ಅಪ್ಪ ತಡೆಯಲಿಲ್ಲ. ನಾನು ಒಂದೊಂದನ್ನೇ ಅಲ್ಲಾಡಿಸಿ ಹತ್ತನ್ನು ಆರಿಸಿ ಎಡಕ್ಕಿಟ್ಟೆ.

"ಇವೇ ಅಪ್ಪ ನನ್ನವು."

"ಇರಬಹುದು."

"ಇರಬಹುದು ಅಲ್ಲ, ಇವೇ!"

"ನೀರೂ ಕುಡಿದಿರಬಹುದು. ಇರಬಹುದು ಅನ್ನೋದನ್ನ ರೈಫಲ್ಲಿಗೆ ಹಾಕೋಕಾಗಲ್ಲ ಮಗು."

ಅವರು ಇಕ್ಕಳ ತಂದು ಬಿಚ್ಚಲು ಕುಳಿತರು. ಎಡಗಡೆಯ ಹತ್ತನ್ನು ಬೇರೆ, ಬಲಗಡೆಯ ಹತ್ತನ್ನು ಬೇರೆ ಬಿಚ್ಚಿ ತೂಗಿದರು. ನಾನು ಆರಿಸಿದ ಹತ್ತೂ ನನ್ನವೇ ಆಗಿದ್ದವು. ಮದ್ದು ಕೂಡ ಒಣಗಿಯೇ ಇತ್ತು. ನಾನು ಅಳುತ್ತಾ ಅದನ್ನು ತೋರಿಸಿದೆ. ಅಪ್ಪ, "ಹೌದು, ನೀನು ಹೇಳಿದ್ದೇ ಸರಿ" ಎಂದು ಹೇಳಿ ಎಲ್ಲ ಮದ್ದನ್ನೂ ನೀರಿನ ಬಕೆಟ್ಟಿಗೆ ಸುರಿದರು.

ಖಾಲಿ ಕೊಳವೆ, ಮದ್ದು, ಗುಂಡು ಮನೆಯಲ್ಲಿ ಬೇಕಾದಷ್ಟಿದ್ದವು. ಇಲ್ಲದಿದ್ದದ್ದು ಕೇಪು. ನೀರು ಹಾಕಿ ಉಜ್ಜಿದ ಕೇಪುಗಳನ್ನು ಅಪ್ಪ ಮತ್ತೆ ಬಳಸುವಂತಿರಲಿಲ್ಲ. ಹೊಸ ಕೇಪುಗಳ ಡಬ್ಬಿಯಲ್ಲಿ ಆರು ಮಾತ್ರ ಉಳಿದಿದ್ದವು. ಹಬ್ಬಕ್ಕೆ ಅಂಗಡಿ ಮುಚ್ಚಿತ್ತು. ಅಪ್ಪ ಆರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. ಆ ದಿನ ಮೊದಲ ಬಾರಿಗೆ ನನ್ನನ್ನು ಕೋಣೆಯ ಒಳಗೆ ಕರೆದು ಬಾಗಿಲು ಮುಚ್ಚಿದರು.

ನಾನು ಸೆರಗಿಲ್ಲದವಳು, ಲಂಗದ ತುದಿಯನ್ನೇ ಮೂಗಿಗೆ ಒತ್ತಿಕೊಂಡು ಕುಳಿತೆ, ಉಸಿರು ತಕ್ಕಡಿಗೆ ತಾಗದಿರಲಿ ಎಂದು. ಬೂದುಬಣ್ಣದ ಸಣ್ಣ ಕಾಳುಗಳು ತಟ್ಟೆಗೆ ಬಿದ್ದವು. ಮುಳ್ಳು ಅತ್ತಿತ್ತ ಹೋಗಿ ನಡುವೆ ನಿಂತಿತು. ಒಂದು ಕಾಳು ಹೆಚ್ಚಾಯಿತೆಂದು ಅಪ್ಪ ಚಿಮಟದಿಂದ ತೆಗೆದರು. ಪ್ರತಿ ಸಲವೂ ಮೊದಲು ತಾವು ನೋಡಿ, ಆಮೇಲೆ ನನಗೆ ತೋರಿಸಿ, ನಾನು ತಲೆಯಾಡಿಸಿದ ಮೇಲೆಯೇ ಕೊಳವೆಗೆ ಸುರಿದರು. ಹಾಗೆ ಆರು ಸಲ.

ಕ್ಲಬ್ಬಿನಲ್ಲಿ ಸುಬೇದಾರರು ನನ್ನ ಡಬ್ಬಿ ನೋಡಿದರು. "ಹತ್ತು ಹೊಡೀಬೇಕು, ಆರೇ ಇದೆ? ಕ್ಲಬ್ಬಿನದು ನಾಲ್ಕು ಕೊಡ್ತೀನಿ, ತಗೋ." ಅವು ಪೂರ್ತಿ ಮದ್ದಿನವು. ಅಪ್ಪ ನನ್ನ ಮುಖ ನೋಡಿದರು. ನಾನು, "ಬೇಡ ಸರ್" ಎಂದೆ. "ಹೊಡೆಯದೇ ಬಿಟ್ಟಿದ್ದಕ್ಕೆ ಸೊನ್ನೆ, ಗೊತ್ತು ತಾನೇ?" "ಗೊತ್ತು ಸರ್."

ಬೂದು ಗುಡ್ಡದ ಮೇಲೆ ಬಿಸಿಲು ಬಿದ್ದಿತ್ತು. ಚಾಪೆಯ ಮೇಲೆ ಬೋರಲಾಗಿ ಮಲಗಿ ರೈಫಲ್ಲನ್ನು ಭುಜಕ್ಕೊತ್ತಿದೆ. ಸುಬೇದಾರರು ಗುರಿಯ ಕಡೆ ನೋಡಲಿಲ್ಲ. ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನನ್ನ ಕಣ್ಣನ್ನೇ ನೋಡುತ್ತಿದ್ದರು. ಮೊದಲನೆಯ ಗುಂಡು ಹಾರಿತು. ದೂರದಲ್ಲಿ ಹಲಗೆಯ ಹಿಂದೆ ಒಂದು ಹಿಡಿ ಬೂದು ಧೂಳು ಎದ್ದದ್ದು ನನಗೆ ಕಂಡಿತು. ಅಲ್ಲಿಯವರೆಗೆ ಆ ಧೂಳನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಉಳಿದ ಐದು ಸಲವೂ ಅದು ಕಂಡಿತು.

ಸುಬೇದಾರರು ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡರು. "ಏನಮ್ಮಾ, ನಿನಗೇಂತ ರಂಗೋಲಿ ಪುಡಿ ತರಿಸಿಟ್ಟಿದ್ದೆ. ನನ್ನ ಹೆಂಡತಿಗೇ ಕೊಡಬೇಕಾಯ್ತು" ಎಂದು ಹೇಳಿ, ಮುಂದಿನ ಭಾನುವಾರದ ಅಭ್ಯಾಸದ ಪಟ್ಟಿಯಲ್ಲಿ ನನ್ನ ಹೆಸರು ಬರೆದರು. ಏಳು ಮಕ್ಕಳಲ್ಲಿ ನಾನು ಆರನೆಯವಳಾದೆ. ಏಳನೆಯವನು ಪಕ್ಕದವನ ಗುರಿಗೆ ಹೊಡೆದಿದ್ದ. ಹಿರಿಯರ ಸ್ಪರ್ಧೆಯಲ್ಲಿ ಅಪ್ಪನ ಹೆಸರು ಕೂಗಿದಾಗ ಅವರು ಕೂತಲ್ಲಿಂದಲೇ ಇಲ್ಲವೆಂದು ಕೈಯಾಡಿಸಿದರು.

ನನ್ನ ಮೊಮ್ಮಗಳಿಗೆ ಈಗ ಹದಿನಾಲ್ಕು. ಅವಳೂ ಶಾಲೆಯಲ್ಲಿ ರೈಫಲ್ ಹೊಡೆಯುತ್ತಾಳೆ. ಅದು ಗಾಳಿಯ ಒತ್ತಡದ ರೈಫಲ್. ಮದ್ದಿಲ್ಲ, ಹೊಗೆಯಿಲ್ಲ, ಭುಜಕ್ಕೆ ಒದೆತವಿಲ್ಲ. ಅದನ್ನು ಮನೆಗೆ ತರುವಂತಿಲ್ಲ, ಶಾಲೆಯಲ್ಲೇ ಬೀಗ ಹಾಕಿಡುತ್ತಾರೆ. ಗುಂಡುಗಳು ಕಾರ್ಖಾನೆಯ ಡಬ್ಬಿಯಲ್ಲಿ ಬರುತ್ತವೆ. ತಂಪು ಕೋಣೆಯೊಳಗೆ ಹೊಡೆದ ಕೂಡಲೇ ಪರದೆಯ ಮೇಲೆ ಅಂಕ ಮೂಡುತ್ತದೆ. ಕಳೆದ ಶನಿವಾರ ಅವಳ ತಂಡದ ಆಯ್ಕೆ ನೋಡಲು ನಾನೂ ಹತ್ತು ವರ್ಷದ ಮೊಮ್ಮಗನೂ ಹೋಗಿದ್ದೆವು. ಗೊತ್ತುಮಾಡಿದ ಸಮಯದೊಳಗೆ ಅರವತ್ತು ಗುಂಡು ಹೊಡೆಯಬೇಕಿತ್ತು. ಕೊನೆಯ ಹೊತ್ತಿನಲ್ಲಿ ಅವಳು ರೈಫಲ್ ಕೆಳಗಿಟ್ಟು ಕೈ ಎತ್ತಿದಳು. ತರಬೇತುದಾರರು ಬಂದು ಪರೀಕ್ಷಿಸಿದರು.

ಪಾಯಾ ಲೆಬಾರ್‌ನಲ್ಲಿ ಮನೆಯ ಕಡೆಗೆ ರೈಲು ಬದಲಾಯಿಸಿದೆವು. ಆಮೇಲೆ ಮೊಮ್ಮಗಳು ಹೇಳಿದಳು: "ಗುಂಡು ಹಾಕಿ ಮುಚ್ತೀವಲ್ಲ, ಆ ಬೋಲ್ಟ್ ಸರಿಯಾಗಿ ಲಾಕ್ ಆಗಿಲ್ಲ ಅನ್ನಿಸ್ತು ಅಜ್ಜಿ. ಚೆಕ್ ಮಾಡಿದ್ರೆ ಏನೂ ಪ್ರಾಬ್ಲಮ್ ಇರ್ಲಿಲ್ಲ. ಅಷ್ಟರಲ್ಲಿ ಟೈಮ್ ಮುಗೀತು."

"ಸುಮ್ನೆ ಹೊಡೆದ್‌ಬಿಡ್ಬೇಕಿತ್ತು ಲಾ," ಎಂದ ಅವಳ ತಮ್ಮ, ಇಲ್ಲಿನವರ ಹಾಗೆ ಮಾತಿನ ಕೊನೆಗೆ ಒಂದು 'ಲಾ' ಸೇರಿಸಿ.

"ನೀನು ಬಾಯ್ಮುಚ್ಚೋ. ಅಜ್ಜಿ, ನೀವಾಗಿದ್ರೆ ಏನ್ ಮಾಡ್ತಿದ್ರಿ?"

ನಾನು ಇಬ್ಬರಿಗೂ ಆ ವಿಜಯದಶಮಿಯ ಬೆಳಗನ್ನು ಹೇಳಿದೆ. ಮುಗಿಯುವ ಹೊತ್ತಿಗೆ ಆಂಗ್ ಮೋ ಕಿಯೋ ಬಂದಿತ್ತು. ಅವಳು ಐವತ್ತೇಳು ಗುಂಡು ಹೊಡೆದಿದ್ದಾಳೆ. ತಂಡದ ಪಟ್ಟಿ ಇನ್ನೂ ಬಂದಿಲ್ಲ.