ಕಣ್ಣಿಡದೆ ಕೊಟ್ಟ ಕಾರ್ಡು

ನನ್ನ ಬಲಗೈ ತೋರುಬೆರಳಿನ ಉಗುರು ಸಂದೀಲಿ ಇನ್ನೂ ಒಂಚೂರು ಕಪ್ಪು ಉಳ್ಕೊಂಡಿದೆ. ಕ್ಯಾಂಟೀನಲ್ಲಿ ದಿನಾ ಪಾತ್ರೆ ಉಜ್ಜೋ ಕೈ ಇದು, ಎಂತೆಂಥಾ ಜಿಡ್ಡನ್ನೇ ಬಿಡಿಸುತ್ತೆ, ಇದೊಂದು ಬಿಟ್ಟಿಲ್ಲ. ಬೆಳಿಗ್ಗೆ ಪರ್ತ್ ಊರಿನ ಬೆಂಟ್ಲಿ ಕಡೆ ಹೋಗೋ ಬಸ್ಸಲ್ಲಿ ಕೂತು ಬೆರಳನ್ನ ಮೂಗಿನ ಹತ್ರ ಹಿಡಿದು ನೋಡಿದೆ. ಹರಳೆಣ್ಣೆ ಮಸಿ ವಾಸನೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ಸ್ವಲ್ಪ ಆಚೆ ಸರ್ಕೊಂಡ್ಲು. ಬೆರಳು ಮೂಸ್ಕೊಂಡು ನಗೋ ಗಂಡಸಿನ ಪಕ್ಕ ಯಾರು ತಾನೇ ಕೂರ್ತಾರೆ, ನೀವೇ ಹೇಳಿ. ಆದ್ರೆ ಆ ವಾಸನೇಲಿ ನಮ್ಮಕ್ಕ ಇದ್ದಾಳೆ ಅಂತ ಅವಳಿಗೆ ಹೆಂಗೆ ಗೊತ್ತಾಗಬೇಕು?

ನಮ್ಮಕ್ಕ ಅರಸೀಕೆರೆ ಬಸ್‌ಸ್ಟಾಂಡ್ ಹತ್ರ ಗೋಣಿಚೀಲ ಹಾಸ್ಕೊಂಡು ದೃಷ್ಟಿ ಮುಖ ಬರೀತಿದ್ಲು. ಹೊಸ ಮನೆ ಕಟ್ಟೋರು, ಹೊಸ ಲಾರಿ ತಗೊಂಡೋರು, ಹೊಸ ಅಂಗಡಿ ಇಟ್ಟೋರು ಎಲ್ಲಾ ಅವಳ ಹತ್ರಾನೇ ಬರೋರು. ಬೂದುಗುಂಬಳಕಾಯಿ ಮೇಲೆ ಒಂದು ರಾಕ್ಷಸನ ಮುಖ. ದಪ್ಪ ಹುಬ್ಬು, ಕಿವಿ ತನಕ ಮೀಸೆ, ಎರಡು ಕೋರೆಹಲ್ಲು. ಬೇರೆಯವರು ಬರೆದ ಮುಖಕ್ಕೆ ಕೆಂಪು, ಹಳದಿ, ಹಸಿರು ಎಲ್ಲಾ ಇರ್ತಿತ್ತು. ಅಕ್ಕನ ಮುಂದೆ ಇರ್ತಿದ್ದದ್ದು ಎರಡೇ ಕರಟ. ಒಂದರಲ್ಲಿ ಸುಣ್ಣ, ಒಂದರಲ್ಲಿ ಮಸಿ. ಯಾರಾದ್ರೂ ಬಣ್ಣ ಕೇಳಿದ್ರೆ, "ಬಣ್ಣ ಬೇಕಾದ್ರೆ ಸೀರೆ ತಗೊಳ್ಳಪ್ಪ, ಇದು ಕಾವಲಿಗೆ" ಅನ್ನೋಳು.

ನನ್ನನ್ನ ಓದಿಸಿದ್ದೂ ಅವಳೇ. ನಾನು ಸ್ಕೂಲು ಬಿಟ್ಟು ಹೋಟೆಲಲ್ಲಿ ಲೋಟ ತೊಳೀತಿದ್ದೆ. ಮೀಸೆ ಬಂದು ಎಷ್ಟೋ ವರ್ಷ ಆದ್ಮೇಲೆ ಹಿಡ್ಕೊಂಡು ಹೋಗಿ ಎಸ್ಸೆಸ್ಸೆಲ್ಸಿಗೆ ಕಟ್ಟಿಸಿದ್ಲು. ಪರೀಕ್ಷೆ ಹಾಲಲ್ಲಿ ಪಕ್ಕದ ಹುಡುಗ ನನ್ನನ್ನೇ ಮೇಷ್ಟ್ರು ಅಂದ್ಕೊಂಡು ಎದ್ದು ನಿಂತಿದ್ದ. ಪಾಸಾದೆ. ಈಗ ಕಂಪ್ಯೂಟರಲ್ಲಿ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಇದನ್ನ ಟೈಪ್ ಮಾಡ್ತಿದೀನಿ. ನೀವು ಬೇಗ ಓದಿಬಿಡ್ತೀರ, ನಾನು ನಿಧಾನ. ಸ್ವಲ್ಪ ಜೊತೇಲೇ ನಡೀರಿ.

ಆಸ್ಟ್ರೇಲಿಯಾಗೆ ಬಂದದ್ದು ನನ್ನ ಹೆಂಡತಿ ಸವಿತಾಳ ನರ್ಸ್ ಕೆಲಸದಿಂದ. ಮೊದಲು ಅಡಿಲೇಡು, ಬಾಡಿಗೆ ಮನೆ, ಗೋಡೆಗೆ ಒಂದು ಮೊಳೆ ಹೊಡೆಯೋದಕ್ಕೂ ಕೇಳಬೇಕು. ಆಮೇಲೆ ಪರ್ತ್. ಈ ವರ್ಷ ಆಗಸ್ಟಲ್ಲಿ ಸ್ವಾನ್ ವ್ಯಾಲಿ ಹತ್ರ ಸ್ವಂತ ಮನೆ ಆಯ್ತು. ಸ್ವಂತ ಮನೆ ಅಂದ್ಮೇಲೆ ನಾನು ಮೊದಲು ಮಾಡಿದ ಕೆಲಸ ಏನು ಗೊತ್ತಾ? ವಿಯೆಟ್ನಾಂ ಅಂಗಡಿಗೆ ಹೋಗಿ ಒಂದು ಬೂದುಗುಂಬಳಕಾಯಿ ತಂದೆ. ಅಕ್ಕ ಬರೀತಿದ್ದ ಮುಖಾನೇ ಬರೆದೆ. ಬಾಗಿಲ ಮೇಲೆ ಕೊಕ್ಕೆ ಹೊಡೆದು ಕಟ್ಟಿದೆ. ಕೆಳಗೆ ನಿಂತು ನೋಡಿದಾಗ, ಮನೆ ಈಗ ಮನೆ ಆಯ್ತು ಅನ್ನಿಸ್ತು.

ಎರಡು ವಾರಕ್ಕೆ ಪಕ್ಕದ ಮನೆ ಕೆರಿ ಬಂದ್ಲು. ಒಳ್ಳೆ ಹೆಂಗಸು, ನಾವು ಸಾಮಾನು ಇಳಿಸೋ ದಿನ ಟ್ರಾಲಿ ಕೊಟ್ಟಿದ್ಲು. ಅವಳ ಮಗಳು ಎಲ್ಸಿಗೆ ಐದು ವರ್ಷ. ನಮ್ಮ ಡ್ರೈವ್‌ವೇಲಿ ಸ್ಕೂಟರ್ ಓಡಿಸ್ಕೊಂಡು, ನನ್ನ ಕಂಡ್ರೆ ಗಂಟೆ ಹೊಡೀತಿದ್ದ ಮಗು. ಕೆರಿ ತುಂಬಾ ಸಂಕೋಚದಿಂದ ಹೇಳಿದ್ಲು, ಎಲ್ಸಿ ಆ ಮುಖ ನೋಡಿ ಹೆದರ್ಕೊಂಡಿದ್ದಾಳೆ, ಕಿಟಕಿ ಪರದೆ ತೆಗೆಯೋಕೇ ಬಿಡ್ತಿಲ್ಲ, ಬೇಜಾರಿಲ್ಲ ಅಂದ್ರೆ ಸ್ವಲ್ಪ ತೆಗೀತೀರಾ ಅಂತ.

ಅವತ್ತೇ ತೆಗೆದು ಗ್ಯಾರೇಜಲ್ಲಿಟ್ಟೆ. ಕಾಯಿ ಹೋಯ್ತು, ಹೆದರಿಕೆ ಹೋಗಲಿಲ್ಲ. ಎಲ್ಸಿ ಈಗ ನನ್ನ ಕಂಡ್ರೇನೇ ಅಮ್ಮನ ಹಿಂದೆ ಅಡಗಿಕೊಳ್ಳೋಕೆ ಶುರು ಮಾಡಿದ್ಲು. ನನ್ನನ್ನ! ಇಲಿ ಕಂಡ್ರೆ ಸ್ಟೂಲ್ ಹತ್ತೋ ಮನುಷ್ಯ ನಾನು. ಗಂಟೆ ಸದ್ದು ನಿಂತೋಯ್ತು. ಒಂದು ಮಗು ನನ್ನನ್ನ ನೋಡಿ ಮುಖ ಮುಚ್ಕೊಳ್ಳೋದು ಎಷ್ಟು ಚುಚ್ಚುತ್ತೆ ಅಂತ ನನಗೆ ಮೊದಲು ಗೊತ್ತಿರಲಿಲ್ಲ. ಅದೂ ಅಕ್ಕನ ಮುಖದ ದೆಸೆಯಿಂದ. ಆ ಮುಖ ಹೊಟ್ಟೆಕಿಚ್ಚಿನವರನ್ನ ಹೆದರಿಸೋಕೆ ಇರೋದು, ಸ್ಕೂಟರ್ ಓಡಿಸೋರನ್ನಲ್ಲ.

ಅಕ್ಟೋಬರ್ ಬಂತು, ಇಲ್ಲಿ ಹ್ಯಾಲೋವೀನ್ ಅನ್ನೋ ದೆವ್ವದ ಹಬ್ಬದ ತಿಂಗಳು. ನೋಡ್ತಾ ನೋಡ್ತಾ ಇಡೀ ಬೀದೀಲಿ ಅಸ್ಥಿಪಂಜರ ನೇತಾಡ್ತಿವೆ! ಎದುರು ಮನೆ ಹುಲ್ಲಲ್ಲಿ ಒಂದು ಕೈ ಭೂಮಿಯಿಂದ ಮೇಲಕ್ಕೆ ಬಂದಿದೆ. ಕೆರಿ ಮನೆ ಬೇಲಿ ಮೇಲೆ ಬಟ್ಟೆ ದೆವ್ವ. ನಾನು ಸವಿತಾಗೆ ತೋರಿಸಿ, "ನೋಡೇ, ಇದೆಲ್ಲಾ ಆಗುತ್ತೆ, ನನ್ನ ಕುಂಬಳಕಾಯಿ ಒಂದು ಆಗಲ್ಲ" ಅಂದೆ.

"ರೀ, ಅವು ನಗ್ತವೆ. ನಿಮ್ದು ದುರುಗುಟ್ಟುತ್ತೆ," ಅಂದ್ಲು.

ನನ್ನ ಮಗಳು ಮಾನ್ಯ ಫೋನಿಂದ ತಲೆ ಎತ್ತದೆ ಹೇಳಿದ್ಲು, "ಎಲ್ಸಿ ಈಸ್ ಸ್ಕಿಪ್ಪಿಂಗ್ ಅವರ್ ಹೌಸ್, ಬೈ ದ ವೇ. ಕೆರಿ ಟೋಲ್ಡ್ ಮಿ."

ಹ್ಯಾಲೋವೀನ್ ದಿನ ಮಕ್ಕಳು ಮನೆಮನೆಗೆ ಹೋಗಿ ಚಾಕೊಲೇಟ್ ಇಸ್ಕೊಳ್ತಾರಲ್ಲ, ಅದರಲ್ಲಿ ನಮ್ಮನೆ ಬಾಗಿಲು ಬಿಟ್ಟು ಮುಂದಕ್ಕೆ ಹೋಗ್ತಾಳಂತೆ. ಅವತ್ತು ಊಟ ಸೇರಲಿಲ್ಲ. ಆ ಮಗೂನ ಹೆಂಗಾದ್ರೂ ಬಾಗಿಲಿಗೆ ಕರೀಬೇಕು ಅಂತ ತೀರ್ಮಾನ ಮಾಡಿದೆ. ಒಂದು ಕಾರ್ಡು ಮಾಡಿ ಕೊಡ್ತೀನಿ ಅಂದೆ. "ಅಪ್ಪಾ, ಜಸ್ಟ್ ಬೈ ಒನ್," ಅಂದ್ಲು ಮಾನ್ಯ. ಬ್ರಿಸ್ಬೇನ್ ನಾರ್ತ್ ಲೇಕ್ಸಲ್ಲಿರೋ ಸ್ನೇಹಿತ ಕೂಡ ಫೋನಲ್ಲಿ ಅದನ್ನೇ ಹೇಳಿದ, ಅವರ ಕಡೆ ಅಂಗಡಿ ತುಂಬಾ ಕಿತ್ತಲೆ ಬಣ್ಣದ ಕಾರ್ಡಂತೆ, ತೆಗೆದ್ರೆ ಕಿರುಚುತ್ತಂತೆ. ಮಗು ಈಗಾಗಲೇ ಕಿರುಚ್ತಿದೆಯಲ್ಲಪ್ಪಾ, ಕಾರ್ಡು ಬೇರೆ ಕಿರುಚಬೇಕಾ?

ನನಗೆ ಬರೋದು ಒಂದೇ ಮುಖ, ಎರಡೇ ಬಣ್ಣ. ಬಿಳಿ ಅಂದ್ರೆ ಕಾಗದಾನೇ. ಕಪ್ಪಿಗೆ ಮಸಿ ಬೇಕು. ಕೆಮಿಸ್ಟ್ ಅಂಗಡೀಲಿ ಹರಳೆಣ್ಣೆ ಸಿಕ್ತು. ಲಾಂಡ್ರಿ ರೂಮಲ್ಲಿ ದೀಪ ಹಚ್ಚಿ, ಎರಡು ಡಬ್ಬದ ಮೇಲೆ ಸ್ಟೀಲ್ ತಟ್ಟೆ ಬೋರಲಾಗಿಟ್ಟು, ಅಕ್ಕ ಮಾಡ್ತಿದ್ದ ಹಾಗೇ ಬತ್ತಿ ದಪ್ಪ ಮಾಡಿದೆ. ಮಸಿ ಚೆನ್ನಾಗೇ ಕಟ್ತಿತ್ತು. ಅಷ್ಟರಲ್ಲಿ ಸ್ಮೋಕ್ ಅಲಾರ್ಮ್ ಹೊಡ್ಕೊಳ್ತು ನೋಡಿ! ಡ್ಯೂಟಿ ಮುಗಿಸಿ ಮಲಗಿದ್ದ ಸವಿತಾ ಎದ್ದು ಓಡಿ ಬಂದ್ಲು. ನಾನು ಟವೆಲ್ ಬೀಸ್ತಾ ಕುಣೀತಿದ್ದೆ.

"ಹ್ಯಾಲೋವೀನ್‌ಗೆ ನಿಮಗೆ ಬೇರೆ ವೇಷ ಬೇಡ ಬಿಡಿ," ಅಂದ್ಲು. ನನ್ನ ಮುಖ ಪೂರ್ತಿ ಮಸಿ ಆಗಿತ್ತು.

ಆಮೇಲೆ ದೀಪಾನ ಹಿತ್ತಲಿಗೆ ತಗೊಂಡು ಹೋಗಿ ಬಾರ್ಬೆಕ್ಯೂ ಒಲೆ ಮರೇಲಿ ಇಟ್ಟೆ. ತಟ್ಟೆ ತಳದಲ್ಲಿ ವೆಲ್ವೆಟ್ ಥರ ಕಪ್ಪು ಕೂತ್ಕೊಂಡಿತ್ತು. ಬೆರಳಲ್ಲಿ ಬಳಿದು, ಮಾನ್ಯಳ ಹಳೇ ಸ್ಕೂಲ್ ಅಂಟು ಸೇರಿಸಿ ಅರೆದೆ. ದಪ್ಪ ಕಾಗದ ಮಡಚಿ, ಮುಖದ ಸುತ್ತ ಕಪ್ಪು ತುಂಬಿ, ಮುಖ ಬಿಳಿಯಾಗೇ ಬಿಟ್ಟೆ. ಹುಬ್ಬು ಬರೆದೆ. ಮೀಸೆ ಒಂದೇ ಎಳೆತಕ್ಕೆ ಎಳೀಬೇಕು, ಮಧ್ಯ ಕೈ ನಿಲ್ಲಿಸಿದ್ರೆ ಗಂಟು ಬೀಳುತ್ತೆ. ಉಸಿರು ಹಿಡಿದು ಎಳೆದೆ. ಬಂತು! ಕೊನೇಲಿ ಎರಡು ಕಣ್ಣಿಗೆ ಎರಡು ಬೊಟ್ಟಿಟ್ಟೆ. ಮುಗೀತು.

ತಕ್ಷಣ ಅಕ್ಕಂಗೆ ವಿಡಿಯೋ ಕಾಲ್ ಮಾಡಿ ಕಾರ್ಡು ಹಿಡಿದೆ. ಅವಳಿಗೀಗ ಕೈ ನಡುಗುತ್ತೆ, ಬರೆಯೋದು ಬಿಟ್ಟಿದ್ದಾಳೆ. ಕಣ್ಣು ಮಾತ್ರ ಹಂಗೇ ಇದೆ.

"ಬಲಗಡೆ ಮೀಸೆ ಇಳಿದೋಗಿದೆ ಕಣೋ."

"ಸರಿ ಮಾಡ್ತೀನಿ ಅಕ್ಕಾ. ಹೆಂಗಿದೆ ಹೇಳು."

"ಚೆನ್ನಾಗಿದೆ. ಯಾರಿಗೆ ಇದು?"

ಎಲ್ಸಿ ವಿಷಯ ಪೂರ್ತಿ ಹೇಳಿದೆ. ಅಕ್ಕ "ಲೇ, ಬುದ್ಧಿ ಇದೆಯೇನೋ ನಿನಗೆ?" ಅಂದ್ಲು. "ಹೆದರಿರೋ ಮಗು ಅಂತೀಯ, ಕಣ್ಣು ನೀನ್ಯಾಕೆ ಇಟ್ಟೆ?"

ಅಷ್ಟು ಅಂದಿದ್ದೇ ತಡ, ನನಗೆ ಬಸ್‌ಸ್ಟಾಂಡ್ ಕಣ್ಣ ಮುಂದೆ ಬಂತು. ಅಕ್ಕ ಯಾವತ್ತೂ ಕಣ್ಣಿನ ಬೊಟ್ಟು ತಾನು ಇಡ್ತಿರಲಿಲ್ಲ. ಮುಖ ಪೂರ್ತಿ ಬರೆದು, ಕಣ್ಣು ಬಿಳಿಯಾಗಿ ಬಿಟ್ಟು, ಮಸಿ ಕರಟ ತಗೊಳ್ಳೋರ ಮುಂದೆ ಹಿಡಿಯೋಳು. "ಕಾವಲು ನಿಂದು, ಕಣ್ಣು ನೀನಿಡು. ನಾನಿಟ್ರೆ ಅದು ನನ್ನ ಹಿಂದೇನೇ ಬರುತ್ತೆ." ಒಂದ್ಸಲ ಲಾರಿ ಓನರ್ ಒಬ್ಬನ ಕಂಕುಳಲ್ಲಿದ್ದ ಹುಡುಗಿ ಮುಖ ನೋಡಿ ಒಂದೇ ಸಮ ಅಳೋಕೆ ಹಿಡೀತು. ಅಕ್ಕ ಮಗೂನ ತೊಡೆ ಮೇಲೆ ಕೂರಿಸ್ಕೊಂಡು, "ಅಯ್ಯೋ ಕಂದಾ, ಇವನಿಗೆ ಕಣ್ಣೇ ಇಲ್ಲ, ಪಾಪ. ಕೊಡ್ತೀಯಾ?" ಅಂತ ಅದರ ಬೆರಳು ಅದ್ದಿಸಿ ಇಡಿಸಿದ್ಲು. ಅಳು ನಿಂತಿತ್ತು. ಆ ಮಗು ಲಾರಿ ಹತ್ತೋವಾಗ ಆ ಮುಖಕ್ಕೆ ಬೆರಳು ತೋರಿಸಿ ಗದರಿಸ್ತಾ ಇತ್ತು.

ಮತ್ತೆ ಹಿತ್ತಲಿಗೆ ಹೋದೆ, ಮತ್ತೆ ಮಸಿ ಕಟ್ಟಿದೆ, ಎರಡನೇ ಕಾರ್ಡು ಮಾಡಿದೆ. ಕಣ್ಣು ಬಿಳಿಯಾಗೇ ಬಿಟ್ಟೆ. ಒಳಗೆ ಇಂಗ್ಲಿಷಲ್ಲಿ ನನ್ನ ಕೈಯಾರೆ ಬರೆದೆ. "ಎಲ್ಸಿ, ಇವನಿಗೆ ಇನ್ನೂ ಕಣ್ಣು ಕಾಣಲ್ಲ. ನೀನು ಬಂದು ಕಣ್ಣು ಕೊಡ್ತೀಯಾ? ಪಕ್ಕದ ಮನೆ ಅಂಕಲ್" ಅನ್ನೋ ಅರ್ಥದ್ದು. ಮಾನ್ಯಂಗೆ ತೋರಿಸಿದೆ. ಅವಳು ಎರಡು ಸಲ ಓದಿ, ಒಂದಕ್ಷರ ತಿದ್ದದೆ ವಾಪಸ್ ಕೊಟ್ಲು. "ಡೋಂಟ್ ಚೇಂಜ್ ಎನಿಥಿಂಗ್, ಅಪ್ಪಾ." ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನಕ್ಕಿಂತ ಒಂದು ತೂಕ ಹೆಚ್ಚೇ ಖುಷಿಯಾಯ್ತು. ಹೋಗಿ ಕೆರಿ ಲೆಟರ್‌ಬಾಕ್ಸಿಗೆ ಹಾಕಿ ಬಂದೆ.

ಹ್ಯಾಲೋವೀನ್ ಬಂತು. ಪರ್ತಲ್ಲಿ ಅದು ಬಿಸಿಲಿನ ಹಬ್ಬ ಸ್ವಾಮಿ. ಸಾಯಂಕಾಲ ಐದೂವರೆಗೆ ಸೂರ್ಯ ಕಣ್ಣಿಗೆ ಹೊಡೀತಿರ್ತಾನೆ, ದೆವ್ವಗಳೆಲ್ಲಾ ಸನ್‌ಸ್ಕ್ರೀನ್ ಹಚ್ಕೊಂಡು ಬೆವರು ಒರೆಸ್ಕೊಂಡು ಬರ್ತವೆ. ಸವಿತಾ ಚಾಕೊಲೇಟ್ ಜೊತೆ ಕೋಡುಬಳೇನೂ ಇಟ್ಟಿದ್ಲು. ಒಬ್ಬ ರಕ್ತಪಿಪಾಸು ಮೂರು ಕೋಡುಬಳೆ ತಗೊಂಡು ಹೋದ. ಮಕ್ಕಳು ಬಂದ್ರು, ಹೋದ್ರು. ನನ್ನ ಕಣ್ಣು ಮಾತ್ರ ಪಕ್ಕದ ಮನೆ ಮೇಲೆ. ಮಸಿ ಬಟ್ಟಲು ಬಾಗಿಲ ಹಿಂದೆ ಕಾಯ್ತಾ ಇತ್ತು.

ಕೊನೆಗೂ ಕೆರಿ ಬಂದ್ಲು. ಪಕ್ಕದಲ್ಲಿ ಎಲ್ಸಿ, ಜೇನುಹುಳದ ವೇಷ, ಕೈಯಲ್ಲಿ ನನ್ನ ಕಾರ್ಡು. ನಮ್ಮ ಲೆಟರ್‌ಬಾಕ್ಸ್ ತನಕ ಬಂದು ನಿಂತುಬಿಟ್ಲು. ಒಂದು ಹೆಜ್ಜೆ ಮುಂದಿಡಲ್ಲ. ಕೆರಿ ನನ್ನ ನೋಡಿ ಏನು ಮಾಡೋದು ಅನ್ನೋ ಹಾಗೆ ಭುಜ ಎತ್ತಿದ್ಲು.

ನಾನೇ ಬಟ್ಟಲು ಹಿಡ್ಕೊಂಡು ಹೋದೆ. ಸ್ವಲ್ಪ ದೂರದಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತೆ, ಬಟ್ಟಲು ಮಧ್ಯ ಇಟ್ಟೆ. ಬಸ್‌ಸ್ಟಾಂಡಲ್ಲಿ ಅಕ್ಕ ಕೂರ್ತಿದ್ದದ್ದೂ ಹೀಗೇ.

ಎಲ್ಸಿ ಬಟ್ಟಲು ನೋಡಿದ್ಲು. "ಈಸ್ ಇಟ್ ಪೇಂಟ್?"

"ನೋ. ಸ್ಮೋಕ್," ಅಂದೆ.

ಹೊಗೇನ ಬೆರಳಲ್ಲಿ ಮುಟ್ಟಬಹುದು ಅಂದ್ರೆ ಯಾವ ಮಗು ಸುಮ್ಮನಿರುತ್ತೆ? ಬಂದು ಎದುರಿಗೆ ಕೂತ್ಲು. ಬೆರಳು ಅದ್ದಿದ್ಲು. ನನ್ನದೂ ಅದ್ದಿ ತೋರಿಸಿದೆ, ಹೆಂಗೆ ಒತ್ತಬೇಕು ಅಂತ. ನಾಲಗೆ ಕಚ್ಕೊಂಡು ಒಂದು ಬೊಟ್ಟಿಟ್ಲು, ಮೂಗಿನ ಮೂಲೆಗೆ. ಇನ್ನೊಂದು ಬೊಟ್ಟು ಹೊರಗಡೆ ಕೊನೆಗೆ ಹೋಯ್ತು. ಅಕ್ಕನ ರಾಕ್ಷಸ ಮೆಳ್ಳಗಣ್ಣ ಆಗಿಬಿಟ್ಟ! ಎಲ್ಸಿ ಅವನನ್ನೇ ನೋಡ್ತಾ ಕೂತ್ಲು. ಆಮೇಲೆ ಅವಳ ಹೊಟ್ಟೆಯೊಳಗಿಂದ ಬಂತು ನೋಡಿ ನಗು, ಜೇನುಹುಳದ ರೆಕ್ಕೆ ಎರಡೂ ಅಲ್ಲಾಡಿದ್ವು.

"ಹಿ ಕೆನ್ ಸೀ ಮಿ ನೌ," ಅಂದ್ಲು. ಕಾರ್ಡಿಗೆ ಬೆರಳು ತೋರಿಸಿ, "ಬಿ ಗುಡ್!" ಅಂತ ಗದರಿಸಿದ್ಲು. ಎದ್ದು ನನ್ನನ್ನ ದಾಟಿ ನೇರ ನಮ್ಮ ಬಾಗಿಲಿಗೆ ಹೋಗಿ ಬೆಲ್ ಒತ್ತಿದ್ಲು. ಕೆರಿ ನನ್ನ ಕೈ ಹಿಡಿದು ಮೇಲಕ್ಕೆಬ್ಬಿಸಿದ್ಲು.

ಆ ಕಾರ್ಡು ಈಗ ಅವರ ಮುಂದಿನ ಕಿಟಕಿ ಗಾಜಿನ ಒಳಗಿದೆ, ಮುಖ ಹೊರಗೆ ಮಾಡಿ. ಹಬ್ಬ ಮುಗಿದು ಬೀದಿಯ ಅಸ್ಥಿಪಂಜರ ಎಲ್ಲಾ ಡಬ್ಬ ಸೇರಿದ್ವು, ಇದನ್ನ ತೆಗೆಯೋಕೆ ಎಲ್ಸಿ ಬಿಡ್ತಿಲ್ಲವಂತೆ. ಫೋಟೋ ತೆಗೆದು ಅಕ್ಕಂಗೆ ಕಳಿಸಿದೆ. ಅಷ್ಟು ವರ್ಷ ಮೀಸೆ ಒಂದೆಳೆ ಇಳಿದ್ರೆ ಒಪ್ಪದೋಳು ಏನಂತಾಳೋ ಅಂತ ಪುಕಪುಕ. ಅವಳು ನಕ್ಕೂ ನಕ್ಕೂ ಕಣ್ಣೊರೆಸ್ಕೊಂಡು, "ನನ್ನ ಕೈಲಿ ಇಷ್ಟು ಚೆನ್ನಾಗಿ ಯಾವತ್ತೂ ಬಂದಿಲ್ಲ ಕಣೋ," ಅಂದ್ಲು.

ಇವತ್ತು ಬಸ್ ಇಳಿದು ಮನೆಗೆ ಬಂದಾಗ ಬಾಗಿಲ ಮೇಲಿನ ಕೊಕ್ಕೆ ಖಾಲಿ ಕಾಣ್ತು. "ಇನ್ನೊಂದು ಕುಂಬಳಕಾಯಿ ತರ್ತೀರೇನ್ರೀ?" ಅಂತ ಸವಿತಾ ಒಳಗಿಂದ ಕೇಳಿದ್ಲು. ತಿರುಗಿ ಪಕ್ಕದ ಕಿಟಕಿ ನೋಡಿದೆ. ಮೂಗಿನ ಕಡೆ ಹೋದ ಕಣ್ಣು ಕೆರಿ ಮನೆ ಮೆಟ್ಟಿಲು ಕಾಯ್ತಾ ಇತ್ತು. ಹೊರಗಡೆ ಹೋದ ಕಣ್ಣು, ಸರಿಯಾಗಿ ನಮ್ಮ ಬಾಗಿಲ ಮೇಲಿತ್ತು.

"ಬೇಡ ಕಣೇ," ಅಂದೆ. ಅಷ್ಟರಲ್ಲಿ ಹಿಂದುಗಡೆ ಡ್ರೈವ್‌ವೇಲಿ ಸ್ಕೂಟರ್ ಗಂಟೆ ಹೊಡೀತು.