ನಾಲ್ಕೂವರೆಗೆ ನಡುಗಿದ ತಂತಿ

1974ರಲ್ಲಿ ನಾನು ರಾಜಾಜಿನಗರದಲ್ಲಿ ರೇಡಿಯೊ ಮತ್ತು ಆಂಪ್ಲಿಫೈಯರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ವಯಸ್ಸು ಮೂವತ್ನಾಲ್ಕು, ಕೈತುಂಬ ಕೆಲಸ, ತಲೆತುಂಬ ಜಂಬ. ಗಣೇಶನ ಹಬ್ಬ ಬಂತೆಂದರೆ ಸುತ್ತಲಿನ ವಾದ್ಯಗೋಷ್ಠಿಯವರೆಲ್ಲ ನನ್ನ ಬೆಂಚಿನ ಮುಂದೆ ಸಾಲು ನಿಲ್ಲುತ್ತಿದ್ದರು. ರೇಡಿಯೊದೊಳಗೆ ದೆವ್ವ ಸೇರಿಕೊಂಡಿದೆ ಎಂದು ಯಾರಾದರೂ ಬಂದರೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನಿಮ್ಮನೇಲಿ ವೋಲ್ಟೇಜ್ ಎಷ್ಟಿದೆ?"

ಆ ವರ್ಷ ನವೆಂಬರಿನಲ್ಲಿ ನಾಗರತ್ನಮ್ಮ ಎಂಬ ಹೈಸ್ಕೂಲ್ ಶಿಕ್ಷಕಿ ಅಂಗಡಿಗೆ ಬಂದರು. ತನ್ನ ತಮ್ಮನಾದ ಮೋಹನನ ಗಿಟಾರ್ ಆಂಪ್ಲಿಫೈಯರಿನಿಂದ ಸುಟ್ಟ ವಾಸನೆ ಬರುತ್ತಿದೆ ಎಂದರು. ಇಲ್ಲಿಗೇ ತನ್ನಿ ಎಂದೆ.

"ಅದನ್ನ ಅಲ್ಲಾಡಿಸೋ ಹಾಗಿಲ್ಲ ಸಾರ್. ಅವನಿಟ್ಟ ಹಾಗೇ ಇದೆ. ನೀವೇ ನಾಲ್ಕು ಗಂಟೆಗೆ ಬನ್ನಿ. ನಾಲ್ಕೂವರೆಗೆ ಅವನೂ ಬರ್ತಾನೆ."

"ಒಳ್ಳೇದಾಯ್ತು, ಅವರನ್ನೇ ಕೇಳ್ತೀನಿ ಬಿಡಿ" ಎಂದೆ.

"ಅವನು ತೀರ್ಕೊಂಡು ಏಳು ತಿಂಗಳಾಯ್ತು" ಎಂದರು ಆಕೆ. ಅಟೆಂಡೆನ್ಸ್ ಕರೆಯುವಷ್ಟೇ ಸಹಜವಾಗಿತ್ತು ದನಿ. "ಭಾನುವಾರ ಮಾತ್ರ ಬರಲ್ಲ."

ಮೋಹನ ನನಗೆ ಪರಿಚಯದವನೇ. ಹಗಲು ಕಾರ್ಖಾನೆಯಲ್ಲಿ ಕೆಲಸ, ಸಂಜೆ ವಾದ್ಯಗೋಷ್ಠಿಯಲ್ಲಿ ಗಿಟಾರ್. ಕಾಮಾಲೆಯಾಗಿ ಹೋದ ಎಂಬ ಸುದ್ದಿ ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಅವರ ಮನೆ ಅದೇ ಕಾರ್ಖಾನೆಯ ಬೆನ್ನಿಗಿತ್ತು. ಮುಂದಿನ ಕೋಣೆಯಲ್ಲಿ ಆಂಪ್ಲಿಫೈಯರ್, ಅದಕ್ಕೆ ಒರಗಿಸಿದ ಗಿಟಾರ್, ವೈರು ಚುಚ್ಚಿದಂತೆಯೇ ಇತ್ತು. ಗಾಜಿನ ಬುರುಡೆಯಂಥ ವಾಲ್ವ್ ಹಾಕಿದ ಆಂಪ್ಲಿಫೈಯರ್ ಕಾದ ಮೇಲೇ ಚೆನ್ನಾಗಿ ನುಡಿಯುವುದು. "ನಾನು ಬರೋಷ್ಟೊತ್ತಿಗೆ ಬಿಸಿ ಮಾಡಿಡಕ್ಕ" ಎಂದು ಮೋಹನ ಹೇಳಿಹೋಗುತ್ತಿದ್ದನಂತೆ. ಆತ ಹೋದ ಮೇಲೂ ನಾಗರತ್ನಮ್ಮ ಸ್ಕೂಲಿನಿಂದ ಬಂದ ತಕ್ಷಣ ಸ್ವಿಚ್ ಹಾಕುವುದನ್ನು ಬಿಟ್ಟಿರಲಿಲ್ಲ; ಸ್ಕೂಲಿಗೂ ಕಾರ್ಖಾನೆಗೂ ರಜೆಯಾದ ಭಾನುವಾರ ಮಾತ್ರ ಹಾಕುತ್ತಿರಲಿಲ್ಲ. ಅಂದೂ ಹಾಕಿದರು. ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ಕಾಫಿ ತಂದಿಟ್ಟರು. ಅದು ನನಗೆ ಎಂದುಕೊಂಡು ಕೈ ಚಾಚಿದೆ. "ನಿಮಗೆ ಒಳಗಿದೆ, ತರ್ತೀನಿ" ಎಂದರು.

ಮೀಟರ್ ಹಚ್ಚಿದೆ. ಮನೆಯ ಕರೆಂಟು 185 ವೋಲ್ಟ್ ಇತ್ತು. ಸ್ಪೀಕರಿನಲ್ಲಿ ತೀರಾ ಸಣ್ಣ ಗುಂಯ್ ಸದ್ದು, ಅಷ್ಟೇ.

ನಾಲ್ಕೂವರೆಗೆ ಕಾರ್ಖಾನೆಯ ಸೈರನ್ ಆಯಿತು. ಒಂದು ನಿಮಿಷದೊಳಗೆ ತಲೆಯ ಮೇಲಿನ ಬಲ್ಬು ಬೆಳ್ಳಗಾಯಿತು. ಸ್ಪೀಕರು ಬಾಯಿಮುಚ್ಚಿ ನರಳುವವರ ಹಾಗೆ ದನಿ ತೆಗೆಯಿತು. ಆಮೇಲೆ, ಯಾರೂ ಮುಟ್ಟದೆ, ಗಿಟಾರಿನ ಐದನೆಯ ತಂತಿ ನಡುಗಲಾರಂಭಿಸಿತು. ತಂತಿ ಕಣ್ಣಿಗೆ ಮಸುಕಾಗುವಷ್ಟು ಅಗಲಕ್ಕೆ ಆಡುತ್ತಿತ್ತು. ಕೋಣೆಯೆಲ್ಲ ಅದರದೇ ದನಿ. ಲೋಟದೊಳಗಿನ ಕಾಫಿಯ ಮೇಲೆ ಸಣ್ಣ ಸಣ್ಣ ಉಂಗುರಗಳೆದ್ದವು. ಕಿಟಕಿಯಾಚೆ ಬಿಸಿಲು ಇನ್ನೂ ಇತ್ತು. ಸುಳ್ಳೇಕೆ, ನನಗೆ ಮೀಟರ್ ನೋಡುವುದೂ ಮರೆತುಹೋಯಿತು.

"ಬಂದ" ಎಂದರು ನಾಗರತ್ನಮ್ಮ.

ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆಯೇ ನನಗೆ ಬುದ್ಧಿ ಬಂದದ್ದು. ಮೀಟರ್ 232 ತೋರಿಸುತ್ತಿತ್ತು. ಹಿಂದೆ ಬಗ್ಗಿ ನೋಡಿದರೆ, ಎರಡು ಪವರ್ ವಾಲ್ವುಗಳಲ್ಲಿ ಒಂದರ ಒಳಗಿನ ತಗಡು ಕೆಂಡದಂತೆ ಕೆಂಪಾಗಿತ್ತು. ಸ್ವಿಚ್ ಆರಿಸಿ, ತಣ್ಣಗಾದ ಮೇಲೆ ಆ ವಾಲ್ವನ್ನು ಕಿತ್ತು ತಿರುಗಿಸಿದೆ. ಬುಡದಲ್ಲಿ ಪೆನ್ಸಿಲಿನಿಂದ "ಓಕೆ" ಎಂದು ಬರೆದಿತ್ತು. ಅಕ್ಷರ ನನ್ನದು.

ಆಗ ಎಲ್ಲವೂ ನೆನಪಾಯಿತು. ಹಿಂದಿನ ವರ್ಷ, ಹಬ್ಬದ ಗಡಿಬಿಡಿಯಲ್ಲಿ ಮೋಹನ ಜೋಡಿ ವಾಲ್ವ್ ಕೇಳಿಕೊಂಡು ಬಂದಿದ್ದ. ಈ ಜೋಡಿ ಎತ್ತಿನ ಜೋಡಿಯಿದ್ದಂತೆ, ಸಮಸಮ ಎಳೆಯಬೇಕು. ನನ್ನ ಬಳಿ ಇದ್ದದ್ದು ಒಂದು ಹೊಸದು, ಇನ್ನೊಂದು ಹಳೆಯ ಸೆಟ್ಟಿನಿಂದ ಬಿಚ್ಚಿದ್ದು. ಅವೆರಡನ್ನೇ ಜೋಡಿ ಮಾಡಿ ಹಾಕಿದೆ. ಇನ್ನು ಬಯಸ್ ಎಂದರೆ, ಸುಮ್ಮನಿದ್ದಾಗ ವಾಲ್ವಿನಲ್ಲಿ ಎಷ್ಟು ಕರೆಂಟು ಹರಿಯಬೇಕೆಂದು, ನಲ್ಲಿ ತಿರುಗಿಸಿದ ಹಾಗೆ, ಹದ ಮಾಡಿಡುವುದು. ಅದನ್ನೂ ಮೀಟರ್ ಹಚ್ಚದೆ ಕಿವಿಯ ಅಂದಾಜಿನಲ್ಲಿ, ಅಂಗಡಿಯ ಇಳಿದ ವೋಲ್ಟೇಜಿನಲ್ಲೇ ಮಾಡಿದ್ದೆ. "ಏನಾಗಲ್ಲ ಹೋಗಪ್ಪ" ಎಂದು ಕಳಿಸಿದ್ದೆ.

ನಾಗರತ್ನಮ್ಮನವರಿಗೆ ಬಿಡಿಸಿ ಹೇಳಿದೆ. ಕಾರ್ಖಾನೆಯ ಮಷೀನುಗಳು ನಿಂತಾಗ ಈ ಬೀದಿಯ ವೋಲ್ಟೇಜ್ ಏರುತ್ತದೆ, ಬಯಸ್ ಕೆಟ್ಟ ವಾಲ್ವು ಮಿತಿಮೀರಿ ಎಳೆಯುತ್ತದೆ. ಕರೆಂಟಿನಲ್ಲಿ ಸೆಕೆಂಡಿಗೆ ನೂರು ಸಲ ಏಳುವ ಗುಂಯ್ ಸದ್ದನ್ನು ಸರಿಜೋಡಿ ವಾಲ್ವುಗಳು ತಮ್ಮಲ್ಲೇ ಅಡಗಿಸಿಬಿಡುತ್ತವೆ, ಸಮನಲ್ಲದ ಜೋಡಿಯಲ್ಲಿ ಅದು ಹೊರಗೆ ಬರುತ್ತದೆ. ಐದನೆಯ ತಂತಿ ಶ್ರುತಿಯಲ್ಲಿದ್ದರೆ ಸೆಕೆಂಡಿಗೆ ನೂರಹತ್ತು ಸಲ ಆಡಬೇಕು. ಯಾರೂ ಮುಟ್ಟದೆ ಸಡಿಲವಾಗುತ್ತಾ ಬಂದು ಅದು ನೂರಕ್ಕೆ ನಿಂತಿದೆ, ಹಾಗಾಗಿ ಸ್ಪೀಕರಿನ ಸದ್ದಿಗೆ ತಾನೂ ಆಡುತ್ತದೆ.

"ಇದು ಶುರುವಾಗಿದ್ದು ಯಾವಾಗ?"

"ಮೂರು ತಿಂಗಳಿಂದ. ಅನುರಣನ ತಾನೇ ಸಾರ್? ಒಂಬತ್ತನೇ ಕ್ಲಾಸಿಗೆ ನಾನೇ ವಿಜ್ಞಾನ ಹೇಳ್ಕೊಡೋದು. ಮೊದಲ ದಿನವೇ ಗೊತ್ತಾಯ್ತು" ಎಂದರು. "ಗೊತ್ತಾದ ಮಾತ್ರಕ್ಕೆ ಬೇಡ ಅನ್ಸುತ್ತಾ? ಸುಡದ ಹಾಗೆ ಮಾಡಿ, ಆ ದನಿ ಮಾತ್ರ ಉಳಿಸಿಕೊಡಿ."

"ಎರಡೂ ಆಗಲ್ಲಮ್ಮ. ಹೀಗೇ ಬಿಟ್ರೆ ಇದರೊಳಗಿನ ಟ್ರಾನ್ಸ್‌ಫಾರ್ಮರ್ ಹೊತ್ಕೊಳ್ಳುತ್ತೆ. ಸರಿಮಾಡಿದ್ರೆ ದನಿ ಹೋಗುತ್ತೆ" ಎಂದೆ. ಬಾಯಿ ತಡೆಯಲಿಲ್ಲ. "ಈ ವಾಲ್ವ್ ಹಾಕಿದೋನು ನಾನೇ. ತಪ್ಪು ನಂದು."

ಆಕೆ ನನ್ನ ಕೈಲಿದ್ದ ವಾಲ್ವನ್ನು ತೆಗೆದುಕೊಂಡು ಬುಡದ ಅಕ್ಷರ ಓದಿದರು.

"ಹಾಗಾದ್ರೆ ಇಷ್ಟು ದಿನ ಬರ್ತಾ ಇದ್ದಿದ್ದು ನೀವಾ ಸಾರ್?"

ಆಗ ಗೋಡೆಯಾಚೆ ಪಕ್ಕದ ಮನೆಯ ಕೂಸು ಅತ್ತಿತು. ಎರಡು ಮನೆಗೂ ಗೋಡೆ ಒಂದೇ, ಅದಕ್ಕೆ ಒತ್ತಿ ಆ ಕಡೆ ತೊಟ್ಟಿಲು. ನಾಗರತ್ನಮ್ಮ ಗೋಡೆಯ ಕಡೆ ನೋಡಿ, "ಸರಿಮಾಡಿ" ಎಂದರು.

ಮರುದಿನ ಅಂಗಡಿಯಲ್ಲಿ ಆರು ವಾಲ್ವುಗಳನ್ನು ಒಂದೊಂದಾಗಿ ಅಳೆದು, ಸಮನಾಗಿ ಎಳೆಯುವ ಎರಡನ್ನು ಆರಿಸಿಕೊಂಡು ಹೋದೆ. ಸೈರನ್ ಆಗಿ ವೋಲ್ಟೇಜ್ ಏರುವವರೆಗೂ ಕಾದು, ಅದರಲ್ಲೇ ಬಯಸ್ ಕೂರಿಸಿದೆ. ಒಂದರಲ್ಲಿ 34 ಮಿಲಿಆಂಪ್, ಇನ್ನೊಂದರಲ್ಲಿ 35. ತಗಡುಗಳು ಕಪ್ಪಗೇ ಉಳಿದವು. ಬಲ್ಬು ಬೆಳ್ಳಗಿತ್ತು. ಸ್ಪೀಕರು ಮೌನವಾಗಿತ್ತು. ಲೋಟದ ಕಾಫಿ ಅಲುಗಾಡಲಿಲ್ಲ. ಕೆಲಸ ಇಷ್ಟು ಶುದ್ಧವಾಗಿ ಆಗಿದ್ದಕ್ಕೆ ನನಗೆ ದುಃಖವಾದದ್ದು ಅದೊಂದೇ ಸಲ.

ನಾಗರತ್ನಮ್ಮ ಐದು ಗಂಟೆಯವರೆಗೂ ತಂತಿಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಲೋಟ ಎತ್ತಿಕೊಂಡರು.

"ಇವತ್ತು ಭಾನುವಾರ ಅಂದ್ಕೋತೀನಿ ಬಿಡಿ" ಎಂದರು. ಅಂದು ಗುರುವಾರ.

ಅಲ್ಲಿಂದಾಚೆ, ಅಂಗಡಿ ಮುಚ್ಚುವವರೆಗಿನ ಇಪ್ಪತ್ತೆರಡು ವರ್ಷ, ಮೀಟರ್ ಹಚ್ಚದೆ ಯಾವ ವಾಲ್ವಿನ ಬುಡಕ್ಕೂ "ಓಕೆ" ಬರೆಯಲಿಲ್ಲ. ಗಿರಾಕಿಯ ಮನೆಯಲ್ಲಿ ವೋಲ್ಟೇಜ್ ಏರುವುದು ಎಷ್ಟು ಗಂಟೆಗೆ ಎಂದು ವಿಚಾರಿಸದೆ ಬಯಸ್ ಮುಟ್ಟಲಿಲ್ಲ. ದುಡುಕಿ ಮಾಡಿದ ಕೆಲಸ ನಾವು ಮರೆತ ಮೇಲೂ ಯಾರದೋ ಮನೆಯಲ್ಲಿ, ಯಾರದೋ ಹೆಸರಿನಲ್ಲಿ ಕೂತಿರುತ್ತದೆ ಎಂಬುದನ್ನು ನನಗೆ ಕಲಿಸಿದ್ದು ಆ ಕೋಣೆ. ಈಗಲೂ ಮನೆಯ ಬಲ್ಬು ಇದ್ದಕ್ಕಿದ್ದಂತೆ ಬೆಳ್ಳಗಾದರೆ ಆಡುತ್ತಿದ್ದ ಮಾತು ನಿಲ್ಲಿಸಿ ಕಿವಿಗೊಡುತ್ತೇನೆ.